ಆಟಕ್ಕುಂಟು, ಲೆಕ್ಕಕ್ಕೂ ಉಂಟು

‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ನಾವು ಬಾಲಕರಾಗಿದ್ದಾಗ, ಲಗೋರಿಗೋ ಮರಕೋತಿಗೋ ಅಣ್ಣನ ಅಂಗಿಯ ಚುಂಗು ಹಿಡಿದು ಬರುತ್ತಿದ್ದ ನಾಲ್ಕು ವರ್ಷದ ತಮ್ಮಂದಿರನ್ನು ಅಳಿಸಬಾರದೆಂದು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದೆವು. ಅವರು ಔಟಾದರೆ ಔಟಲ್ಲ, ಗೆದ್ದರೆ ಗೆಲುವಲ್ಲ. ಲೆಕ್ಕಕ್ಕಿಲ್ಲದಿದ್ದರೂ ಓಡಾಡಲಿಕ್ಕಂತೂ ಅಡ್ಡಿಯಿರಲಿಲ್ಲ. ಸಂಜೆ ಮೈತುಂಬ ಧೂಳು ಹೊತ್ತು ಅವರೂ ನಮ್ಮಂತೆಯೇ ಮನೆಗೆ ಮರಳುತ್ತಿದ್ದರು. ಈಗ ನಾನು ಬರೆಯಹೊರಟಿರುವುದು ಅಷ್ಟು ಕರುಣೆಯೂ ಇಲ್ಲದ ಒಂದು ಏರ್ಪಾಡಿನ ವಿಷಯ. ಮಗುವಿನ ಹೆಸರನ್ನು ಪಟ್ಟಿಗೆ ಸೇರಿಸಿ, ಅಂಗಿ ಟೋಪಿ ತೊಡಿಸಿ, ತಂದೆತಾಯಿಯರಿಂದ ಹಣವನ್ನೂ ಪಡೆದು, ಕಡೆಗೆ ಮೈದಾನದ ಅಂಚಿನ ಬೆಂಚಿನ ಮೇಲೆ ಕೂರಿಸುವ ಏರ್ಪಾಡು ಅದು. ಈ ಬರಹ ಕೆಲವರಿಗೆ ರುಚಿಸದು. ಹಾಗೆ ರುಚಿಸದವರಲ್ಲಿ ನನ್ನ ಅಳಿಯಂದಿರೂ ಒಬ್ಬರಾಗಬಹುದೆಂಬ ಅರಿವಿನಿಂದಲೇ ಬರೆಯುತ್ತಿದ್ದೇನೆ.

2024ರ ಮಾರ್ಚ್ ತಿಂಗಳಲ್ಲಿ ನಾನೂ ನನ್ನ ಶ್ರೀಮತಿಯೂ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿರುವ ಮಗಳ ಮನೆಗೆ ಹೋದೆವು. ಆರು ತಿಂಗಳ ವಾಸ. ಇಂಥ ವಾಸವನ್ನು ಕಂಡ ತಂದೆತಾಯಿಯರಿಗೆ ಅದರ ಸುಖವೂ ಗೊತ್ತು, ಬೇಸರವೂ ಗೊತ್ತು. ಹಗಲೆಲ್ಲ ಮನೆ ಭಣಭಣ. ಕಾರು ಓಡಿಸಲು ಬಾರದವನಿಗೆ ಕಾಲು ನಡೆದಷ್ಟೇ ಪ್ರಪಂಚ. ನನ್ನನ್ನು ಆ ಬೇಸರದಿಂದ ಪಾರುಮಾಡಿದ್ದು ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದ ಬೇಸ್‌ಬಾಲ್ ಮೈದಾನ. ನನ್ನ ಹತ್ತು ವರ್ಷದ ಮೊಮ್ಮಗ ಆ ವರ್ಷ ಊರಿನ ಲಿಟಲ್ ಲೀಗ್ ಸಂಘದಲ್ಲಿ ಹೆಸರು ಬರೆಸಿದ್ದ. ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ, ಮಡಿಸುವ ಕುರ್ಚಿಯೊಂದನ್ನು ಹೆಗಲಿಗೆ ನೇತುಹಾಕಿಕೊಂಡು, ಅವನ ಒಂದು ಆಟವನ್ನೂ ತಪ್ಪಿಸದೆ ನೋಡಿದೆ.

ಬೇಸ್‌ಬಾಲ್ ಕಾಣದ ಓದುಗರಿಗಾಗಿ ನಾಲ್ಕು ಮಾತು. ತಂಡಕ್ಕೆ ಒಂಬತ್ತು ಮಂದಿ. ಚೌಕಾಕಾರದಲ್ಲಿ ನಾಲ್ಕು ನೆಲೆಗಳಿವೆ. ಪಿಚರ್ ಎಸೆದ ಚೆಂಡನ್ನು ಹೊಡೆದು, ನೆಲೆಯಿಂದ ನೆಲೆಗೆ ಓಡಿ, ಹೊರಟಲ್ಲಿಗೇ ಮರಳಿದರೆ ಒಂದು ರನ್. ಮೂವರು ಔಟಾದರೆ ಸರದಿ ಬದಲಾಗುತ್ತದೆ. ದೊಡ್ಡವರದು ಒಂಬತ್ತು ಇನಿಂಗ್ಸು, ಮಕ್ಕಳದು ಆರು. ದೊಡ್ಡವರ ಮೈದಾನದಲ್ಲಿ ನೆಲೆಯಿಂದ ನೆಲೆಗೆ 90 ಅಡಿ. ಲಿಟಲ್ ಲೀಗ್ ಮಕ್ಕಳಿಗೆ 60 ಅಡಿ. ಈ ಕೊನೆಯ ಅಂಕಿಯಲ್ಲೇ ಇಡೀ ಸಂಸ್ಥೆಯ ಮೂಲ ಅಡಗಿದೆ. ಪೆನ್ಸಿಲ್ವೇನಿಯ ರಾಜ್ಯದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನ ಕಾರ್ಲ್ ಸ್ಟಾಟ್ಸ್ ಎಂಬ ಸಾಮಾನ್ಯ ನೌಕರರೊಬ್ಬರು, ದೊಡ್ಡವರ ಆಟದಲ್ಲಿ ಚಿಕ್ಕವರಿಗೆ ಎಡೆ ಸಿಗದಿರುವುದನ್ನು ಕಂಡು, ಆಟವನ್ನೇ ಮಕ್ಕಳ ಅಳತೆಗೆ ಕತ್ತರಿಸಿದರು. 1939ರ ಜೂನ್ 6ರಂದು ಮೊದಲ ಪಂದ್ಯ ನಡೆಯಿತು. ಇದ್ದವು ಮೂರೇ ತಂಡಗಳು. ಒಂದಕ್ಕೆ ಹಾಲಿನ ಡೈರಿ, ಇನ್ನೊಂದಕ್ಕೆ ಮರದ ಮಂಡಿ, ಮತ್ತೊಂದಕ್ಕೆ ತಿಂಡಿ ತಯಾರಿಸುವವರು ಆಶ್ರಯದಾತರು. ತಂಡವೊಂದರ ಅಂಗಿಗಳಿಗೆ ತಗಲಿದ್ದು 30 ಡಾಲರ್. ಇಂದು ಆ ಸಂಸ್ಥೆ 80ಕ್ಕೂ ಹೆಚ್ಚು ದೇಶಗಳಲ್ಲಿದೆ. ಆದರೂ ಅದರ ಘಟಕವೆಂಬುದು ಈಗಲೂ ಒಂದು ಊರು, ಅಥವಾ ಊರಿನ ಒಂದು ಭಾಗ. ಎಲ್ಲೆ ಗುರುತಿಸಿರುತ್ತಾರೆ, ಆ ಎಲ್ಲೆಯೊಳಗಿನ ಮಕ್ಕಳಿಗೆ ಆ ಸಂಘ.

ಇದನ್ನು ಓದಿದರೆ ದೊಡ್ಡ ವಿಷಯವೆನಿಸದು. ಕಣ್ಣಾರೆ ಕಂಡಾಗ ಬೇರೆಯೇ ಅನ್ನಿಸುತ್ತದೆ. ಏಪ್ರಿಲ್‌ನ ಒಂದು ಶನಿವಾರ ಊರಿನ ಮುಖ್ಯ ಬೀದಿಯಲ್ಲಿ ಮಕ್ಕಳೆಲ್ಲ ಮೆರವಣಿಗೆ ಹೋದರು. ಬೆನ್ನ ಮೇಲೆ ಹಲ್ಲಿನ ವೈದ್ಯರ ಹೆಸರು, ಪಿಜ್ಜಾ ಅಂಗಡಿಯ ಹೆಸರು, ಟೈರು ಮಾರುವವರ ಹೆಸರು. ನನ್ನ ಮೊಮ್ಮಗನ ತಂಡಕ್ಕೆ ಕೋಚ್ ಆಗಿದ್ದವರು ವೃತ್ತಿಯಿಂದ ನಲ್ಲಿ ಕೊಳಾಯಿ ಕೆಲಸದವರು, ಬಿಡಿಗಾಸು ಸಂಬಳವಿಲ್ಲ. ಮೈದಾನದ ಗೆರೆಗಳಿಗೆ ಸುಣ್ಣ ಹಾಕುವವರು ತಾಯಂದಿರು. ಚಿಕ್ಕ ಮಕ್ಕಳ ಆಟಗಳಿಗೆ ಹೈಸ್ಕೂಲಿನ ಹುಡುಗ ಹುಡುಗಿಯರೇ ಅಂಪೈರುಗಳು. ತಿಂಡಿಯ ಗೂಡಂಗಡಿಯಲ್ಲಿ ಪ್ರತಿ ಕುಟುಂಬವೂ ಸರದಿಯ ಮೇಲೆ ಎರಡು ಗಂಟೆ ನಿಲ್ಲಬೇಕು. ನನ್ನ ಮಗಳ ಪಾಳಿಯಲ್ಲಿ ನಾನೂ ನಿಂತು, ಹಾಟ್‌ಡಾಗ್ ಮುಟ್ಟದೆ, ನಿಂಬೆ ಪಾನಕವನ್ನಷ್ಟೇ ಹಂಚಿದೆ. ಬಾಗಿಲ ಬಳಿ ಒಂದು ದೊಡ್ಡ ಪೆಟ್ಟಿಗೆ. ಬೆಳೆದ ಮಕ್ಕಳ ಹಳೆಯ ಕೈಗವಸು, ಬೂಟುಗಳನ್ನು ಅದರಲ್ಲಿ ಹಾಕುತ್ತಾರೆ. ಬೇಕಾದವರು ಯಾರನ್ನೂ ಕೇಳದೆ ಒಯ್ಯುತ್ತಾರೆ. ಬಡತನವನ್ನು ಅರ್ಜಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳದೆ ಸಹಾಯ ಮಾಡುವ ಈ ರೀತಿ, ಮೂವತ್ತನಾಲ್ಕು ವರ್ಷ ಸರಕಾರಿ ಶಾಲೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಸಿದ ನನಗೆ ಬಹಳ ಹಿಡಿಸಿತು.

ಶನಿವಾರಗಳಂದು ಬೇರೊಂದು ಆಟವಿರುತ್ತಿತ್ತು. 1989ರಲ್ಲಿ ಲಿಟಲ್ ಲೀಗ್ ಆರಂಭಿಸಿದ ಚಾಲೆಂಜರ್ ವಿಭಾಗ ಅದು. ದೇಹ ಅಥವಾ ಬುದ್ಧಿಯ ನ್ಯೂನತೆಯಿರುವ ಮಕ್ಕಳಿಗಾಗಿ. ಆಡುವ ಪ್ರತಿ ಮಗುವಿಗೂ ಜೊತೆಗೆ ಒಬ್ಬ ಗೆಳೆಯ. ನನ್ನ ಮೊಮ್ಮಗ ಗಾಲಿಕುರ್ಚಿಯ ಹುಡುಗನೊಬ್ಬನಿಗೆ ಗೆಳೆಯನಾಗಿ, ಅವನ ಬ್ಯಾಟಿಗೆ ಚೆಂಡು ತಗುಲಿದೊಡನೆ ಕುರ್ಚಿಯನ್ನು ತಳ್ಳುತ್ತ ನೆಲೆಯಿಂದ ನೆಲೆಗೆ ಓಡಿದ್ದನ್ನು ಕಂಡೆ. ಅದೇ ಹುಡುಗ ತನ್ನ ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡುವವನು!

ಹೌದು, ನನ್ನ ಮೊಮ್ಮಗ ಒಳ್ಳೆಯ ಆಟಗಾರನಲ್ಲ. ಅವನನ್ನು ನಿಲ್ಲಿಸುತ್ತಿದ್ದುದು ಮೈದಾನದ ಬಲತುದಿಯಲ್ಲಿ. ಮಕ್ಕಳ ಆಟದಲ್ಲಿ ಚೆಂಡು ಅತ್ತ ಹೋಗುವುದು ಅಪರೂಪ. ಆದ್ದರಿಂದಲೇ ಚೆಂಡು ಹಿಡಿಯಲಾರದವರಿಗೆ ಆ ಜಾಗ. ಆದರೆ ನಿಲ್ಲಿಸುತ್ತಿದ್ದರು ಎಂಬುದು ಮುಖ್ಯ. ಲಿಟಲ್ ಲೀಗಿನ ನಿಯಮವೊಂದಿದೆ: ಪಟ್ಟಿಯಲ್ಲಿರುವ ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ, ಸಾಮಾನ್ಯವಾಗಿ, ಎದುರಾಳಿಯ ಆರು ಔಟುಗಳು ಬೀಳುವಷ್ಟು ಹೊತ್ತಾದರೂ ಮೈದಾನದಲ್ಲಿರಬೇಕು, ಒಮ್ಮೆಯಾದರೂ ಬ್ಯಾಟು ಹಿಡಿಯಬೇಕು. ಇದು ಕೋಚ್‌ನ ಔದಾರ್ಯವಲ್ಲ, ಮಗುವಿನ ಹಕ್ಕು. ತಪ್ಪಿದರೆ ಕೋಚ್‌ಗೆ ಶಿಕ್ಷೆಯುಂಟು. ಈ ನಿಯಮದ ದೆಸೆಯಿಂದ ನನ್ನ ಮೊಮ್ಮಗ ಪ್ರತಿ ಪಂದ್ಯದಲ್ಲೂ ಬ್ಯಾಟು ಹಿಡಿದ, ಪ್ರತಿ ಪಂದ್ಯದಲ್ಲೂ ಔಟಾದ. ಜೂನ್ ತಿಂಗಳ ಕೊನೆಯ ಪಂದ್ಯದಲ್ಲಿ ಮಾತ್ರ ಬೇರೆಯಾಯಿತು. ನಾಲ್ಕು ಎಸೆತಗಳು ಗುರಿ ತಪ್ಪಿದರೆ ಬ್ಯಾಟುಗಾರ ಹೊಡೆಯದೆಯೇ ಮೊದಲ ನೆಲೆಗೆ ನಡೆಯಬಹುದು. ಅವನು ಅಂದು ಬ್ಯಾಟನ್ನು ಬೀಸುವ ಆಸೆಯನ್ನು ತಡೆದುಕೊಂಡು ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟ. ಬೆಂಚಿನ ಮೇಲಿದ್ದ ಹನ್ನೊಂದು ಹುಡುಗರೂ ‘ಒಳ್ಳೆಯ ಕಣ್ಣು, ಒಳ್ಳೆಯ ಕಣ್ಣು’ ಎಂದು ಕೂಗಿದರು. ಮುಂದಿನ ಹುಡುಗ ಔಟಾದ, ಇನಿಂಗ್ಸು ಮುಗಿಯಿತು, ಇವನು ಮೊದಲ ನೆಲೆಯಲ್ಲೇ ಉಳಿದ. ರನ್ನಾಗಲಿಲ್ಲ. ಆದರೂ ಅಂದು ರಾತ್ರಿ ಊಟಕ್ಕೆ ಕುಳಿತಾಗ ಆ ನಾಲ್ಕು ಎಸೆತಗಳ ಕಥೆಯನ್ನು ತನ್ನ ಅಜ್ಜಿಗೆ ಮೂರು ಸಲ ಹೇಳಿದ.

ಇಷ್ಟು ಚೆಂದದ ಸಂಘಕ್ಕೆ ಬಂದ ಕಂಟಕವೇನು? ಮೇ ತಿಂಗಳಲ್ಲೇ ಅದರ ಸುಳಿವು ಸಿಕ್ಕಿತ್ತು. ಮೈದಾನದ ಬೇಲಿಯಾಚೆ ನಿಂತು, ಆಟವನ್ನು ನೋಡುತ್ತ, ಚೆನ್ನಾಗಿ ಆಡುವ ಹುಡುಗರ ತಂದೆಯರೊಡನೆ ಮೆಲುದನಿಯಲ್ಲಿ ಮಾತನಾಡುವವರು ಕಾಣಿಸಿಕೊಂಡರು. ಅವರು ‘ಟ್ರಾವೆಲ್ ಟೀಮು’ಗಳವರು. ಈ ತಂಡಗಳಿಗೆ ಊರಿಲ್ಲ, ಎಲ್ಲೆಯಿಲ್ಲ. ಸಂಬಳದ ತರಬೇತುದಾರರು, ವರ್ಷವಿಡೀ ಅಭ್ಯಾಸ, ವಾರಾಂತ್ಯಗಳಲ್ಲಿ ಎರಡು ಮೂರು ರಾಜ್ಯಗಳಾಚೆಗೆ ಪ್ರಯಾಣ, ಹೋಟೆಲು ವಾಸ. ಊರಿನ ಸಂಘಕ್ಕೆ ನನ್ನ ಮಗಳು ಇಡೀ ಋತುವಿಗೆ ಕೊಟ್ಟದ್ದು ಸುಮಾರು ನೂರೈವತ್ತು ಡಾಲರ್. ಟ್ರಾವೆಲ್ ಟೀಮಿನವರು ಕೇಳಿದ್ದು ಎರಡೂವರೆ ಸಾವಿರ, ಪ್ರಯಾಣದ ವೆಚ್ಚ ಬೇರೆ. ಋತು ಮುಗಿಯುವ ಹೊತ್ತಿಗೆ ನಮ್ಮ ತಂಡದ ನಾಲ್ವರು ಒಳ್ಳೆಯ ಆಟಗಾರರು ಅತ್ತ ಹೊರಟಿದ್ದರು. ಅವರ ಹಿಂದೆಯೇ ನನ್ನ ಅಳಿಯಂದಿರೂ ಹೊರಟರು.

“ಮಾವ, ಇಲ್ಲಿ ಎಲ್ಲರೂ ಹೀಗೇ ಮಾಡುವುದು. ಚೆನ್ನಾಗಿ ಆಡುವವರೆಲ್ಲ ಹೋದ ಮೇಲೆ ಇವನೊಬ್ಬ ಇಲ್ಲೇ ಇದ್ದು ಏನು ಕಲಿತಾನು?” ಎಂದರು.

“ನೀವು ಹೇಳುವುದು ಸರಿಯೇ ಇರಬಹುದು. ಆದರೆ ಅಲ್ಲಿ ಇವನನ್ನು ಆಡಿಸುತ್ತಾರೆಯೆ?” ಎಂದೆ.

“ಆಡುವಷ್ಟು ತಯಾರಾದಾಗ ಆಡಿಸುತ್ತಾರೆ ಮಾವ.”

ಈ ಮಾತನ್ನು ನಾನು ಮೊದಲೂ ಕೇಳಿದ್ದೆ, ನನ್ನ ಬಾಯಿಂದಲೇ. ಅದನ್ನು ಇಲ್ಲಿ ಹೇಳಿಕೊಳ್ಳದೆ ಅಳಿಯಂದಿರನ್ನು ಟೀಕಿಸುವ ಅಧಿಕಾರ ನನಗಿಲ್ಲ.

1987ರಿಂದ 1989ರವರೆಗೆ ನಾನು ಹಾಸನ ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಪ್ರೌಢಶಾಲೆಯಲ್ಲಿದ್ದೆ. ಡ್ರಿಲ್ ಮಾಸ್ತರರ ಹುದ್ದೆ ಖಾಲಿಯಿದ್ದುದರಿಂದ, ಕನ್ನಡ ಮೇಷ್ಟರಾದ ನನ್ನ ಕೊರಳಿಗೇ ಸೀಟಿ ಬಿದ್ದಿತ್ತು. ಖೋಖೋ ತಂಡದಲ್ಲಿ ಹನ್ನೆರಡು ಹುಡುಗರು, ಅಂಕಣಕ್ಕಿಳಿಯುವವರು ಒಂಬತ್ತು, ಉಳಿದ ಮೂವರು ‘ಎಕ್ಸ್‌ಟ್ರಾ’. ಆ ಮೂವರಲ್ಲಿ ಒಬ್ಬ ಹುಡುಗ ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಮೂರು ವರ್ಷವೂ ಎಕ್ಸ್‌ಟ್ರಾ ಆಗಿಯೇ ಇದ್ದ. ಸುಣ್ಣದ ಚೀಲ ಹೊರುವವನು ಅವನು, ಕೊಡದಲ್ಲಿ ನೀರು ತರುವವನು ಅವನು, ಗೆದ್ದಾಗ ಎಲ್ಲರಿಗಿಂತ ಜೋರಾಗಿ ಕೂಗುವವನೂ ಅವನೇ. ಕೊನೆಯ ವರ್ಷ ತಾಲ್ಲೂಕು ಕ್ರೀಡಾಕೂಟದ ದಿನ ಬೆಳಿಗ್ಗೆ ನನ್ನ ಬಳಿ ಬಂದು, “ಸಾರ್, ಈ ಸಲನಾದ್ರೂ ಒಂದು ಸಲ ಇಳಿಸ್ತೀರಾ?” ಎಂದು ಕೇಳಿದ. “ಮೊದಲು ಶೀಲ್ಡು ಬರಲಿ ತಾಳಪ್ಪ. ಆಡುವಷ್ಟು ತಯಾರಾದವರನ್ನು ನಾನು ಬಿಡ್ತೀನಾ?” ಎಂದೆ. ಶೀಲ್ಡು ಬಂತು. ಅಂತಿಮ ಪಂದ್ಯದಲ್ಲಿ ನಾವು ಎಷ್ಟು ಮುಂದಿದ್ದೆವೆಂದರೆ, ಕೊನೆಯ ಸರದಿಯಲ್ಲಿ ಯಾರನ್ನು ಇಳಿಸಿದ್ದರೂ ಸೋಲುತ್ತಿರಲಿಲ್ಲ. ಆದರೂ ಅವನನ್ನು ಇಳಿಸಲಿಲ್ಲ. ಮರೆತಿರಲಿಲ್ಲ, ಗೆಲುವು ಇನ್ನಷ್ಟು ದೊಡ್ಡದಾಗಲಿ ಎಂಬ ಆಸೆಯಿತ್ತು.

2011ರಲ್ಲಿ ಹಾಸನದ ಬಸ್ ನಿಲ್ದಾಣದಲ್ಲಿ ಅವನೇ ನನ್ನನ್ನು ಗುರುತಿಸಿ ಕಾಲಿಗೆರಗಿದ. ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾನೆ. ಕಾಫಿ ಕುಡಿಸಿದ. “ಖೋಖೋ ಟೀಮಲ್ಲಿದ್ದೆ ಅಂತ ಮಗನಿಗೆ ಹೇಳ್ದೆ ಸಾರ್. ಎಷ್ಟು ಜನರನ್ನ ಔಟ್ ಮಾಡಿದ್ದೆ ಅಪ್ಪಾ ಅಂತ ಕೇಳ್ದ” ಎಂದು ಹೇಳಿ ನಕ್ಕ. ಅದರಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು. ಶೀಲ್ಡು ಈಗಲೂ ಆ ಶಾಲೆಯ ಬೀರುವಿನ ಮೇಲೆ ಇದ್ದರೂ ಇರಬಹುದು. ಅದು ಯಾವ ವರ್ಷದ್ದೆಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಾರರು.

ಇನ್ನು ವಾದಕ್ಕೆ ಬರುತ್ತೇನೆ. ಟ್ರಾವೆಲ್ ಟೀಮುಗಳ ಪರವಾಗಿ ನಾನು ಆ ಆರು ತಿಂಗಳಲ್ಲಿ ಕೇಳಿದ ಮಾತುಗಳು ಮುಖ್ಯವಾಗಿ ಮೂರು.

ಮೊದಲನೆಯದು, ಪ್ರತಿಭೆಗೆ ಪ್ರೋತ್ಸಾಹ ಬೇಡವೆ ಎಂಬುದು. ಬೇಕು. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು ಪ್ರತಿಭೆಯ ವಿರೋಧಿಯಾಗಲಾರ. ಆದರೆ ಹತ್ತು ವರ್ಷದ ಮಗುವಿನಲ್ಲಿ ಪ್ರತಿಭೆಯೆಂದು ನಮಗೆ ಕಾಣುವುದರಲ್ಲಿ ಅರ್ಧ ಪಾಲು ಬೇಗ ಬೆಳೆದ ಮೈ. ಆರನೆಯ ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಿದ್ದ ಹುಡುಗ ಹತ್ತನೆಯ ತರಗತಿಗೆ ಬರುವಾಗ ನಡುವಿನ ಸಾಲಿನಲ್ಲಿ ನಿಲ್ಲುವುದನ್ನು ಯಾವ ಶಿಕ್ಷಕ ಕಂಡಿಲ್ಲ? ಒಂದೇ ಆಟಕ್ಕೆ ಮಗುವನ್ನು ಕಟ್ಟಿಹಾಕುವುದನ್ನು ಸುಮಾರು 15-16 ವರ್ಷದವರೆಗೆ ಮುಂದೂಡುವುದು ಲೇಸೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2016ರಲ್ಲಿ ಹೇಳಿದೆ. ಆಯ್ಕೆ ನಡೆಯಲಿ, ಆದರೆ ಆಯ್ದುಕೊಳ್ಳುವಷ್ಟು ಬೆಳೆದ ಮೇಲೆ ನಡೆಯಲಿ. ಸಸಿಯ ಮಡಿಯಲ್ಲಿಯೇ ತೆನೆ ಎಣಿಸುವ ರೈತ ಎಲ್ಲಿಯೂ ಇಲ್ಲ.

ಎರಡನೆಯದು, ಕಾಲೇಜಿನ ವಿದ್ಯಾರ್ಥಿವೇತನದ ಆಸೆ. ನಮ್ಮವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ್ದು ಇದನ್ನೇ. ಲೆಕ್ಕವನ್ನು ನೋಡೋಣ. ಅಮೆರಿಕದ ಕಾಲೇಜು ಕ್ರೀಡೆಯ ಮೇಲುಸ್ತರದಲ್ಲಿ, 2024-25ರವರೆಗೂ, ಒಂದು ಕಾಲೇಜು ತನ್ನ ಇಡೀ ಬೇಸ್‌ಬಾಲ್ ತಂಡಕ್ಕೆ ಕೊಡಬಹುದಾಗಿದ್ದ ಪೂರ್ಣ ವಿದ್ಯಾರ್ಥಿವೇತನಗಳ ಸಂಖ್ಯೆ 11.7. ಅದನ್ನೇ ಇಪ್ಪತ್ತಕ್ಕೂ ಹೆಚ್ಚು ಹುಡುಗರಿಗೆ ಚೂರು ಚೂರಾಗಿ ಹಂಚುತ್ತಿದ್ದರು. ಆ ಬಳಿಕ ನಿಯಮ ಬದಲಾಗಿ, ಹೊಸ ವ್ಯವಸ್ಥೆಗೆ ಒಪ್ಪಿದ ಕಾಲೇಜುಗಳಲ್ಲಿ ವೇತನಗಳ ಮಿತಿಗೆ ಬದಲಾಗಿ ತಂಡಕ್ಕೆ 34 ಆಟಗಾರರ ಮಿತಿ ಬಂದಿದೆ. ಆ 34ರಲ್ಲಿ ಒಬ್ಬನಾಗುವ ಆಸೆಯಿಂದ ಹತ್ತನೆಯ ವರ್ಷದಿಂದ ಹದಿನೆಂಟರವರೆಗೆ ಪ್ರತಿ ವರ್ಷ ಸಾವಿರಾರು ಡಾಲರ್ ಸುರಿಯುವವರು, ಆ ಹಣವನ್ನು ಅಂಚೆ ಕಚೇರಿಯಲ್ಲಿ ಇಟ್ಟಂತೆ ಸುಮ್ಮನೆ ಕೂಡಿಟ್ಟಿದ್ದರೆ ಓದಿನ ಖರ್ಚಿಗೆ ಅದೇ ಒದಗುತ್ತಿತ್ತಲ್ಲವೆ? ಲೆಕ್ಕ ಮೇಷ್ಟರಲ್ಲದ ನನಗೇ ತೋಚುವ ಈ ಸಂಗತಿ, ಕಂಪ್ಯೂಟರು ಕಂಪನಿಗಳಲ್ಲಿ ದಿನವೂ ಅಂಕಿಸಂಖ್ಯೆಗಳೊಡನೆ ಸೆಣಸುವ ನಮ್ಮ ಮಕ್ಕಳಿಗೆ ತೋಚದಿರುವುದು ಆಶ್ಚರ್ಯ.

ಇದರ ಜೊತೆಗೆ ಮಗುವಿನ ಮೈ ತೆರುವ ಬೆಲೆಯೊಂದಿದೆ. ಪಿಚರ್‌ಗಳ ಮೊಣಕೈಯ ಒಳಬದಿಯ ಅಸ್ಥಿರಜ್ಜು ಹರಿದಾಗ ಮಾಡುವ ಶಸ್ತ್ರಚಿಕಿತ್ಸೆಯನ್ನು 1974ರಲ್ಲಿ ವೈದ್ಯ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ವೃತ್ತಿಪರ ಆಟಗಾರನಿಗೆ ಮೊದಲು ಮಾಡಿದರು. ಈಗ ಅದಕ್ಕೆ ಆ ಆಟಗಾರನ ಹೆಸರೇ ಇದೆ. 2007ರಿಂದ 2011ರವರೆಗೆ ಅಮೆರಿಕದಲ್ಲಿ ನಡೆದ ಇಂಥ ಚಿಕಿತ್ಸೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರ್ಧಕ್ಕೂ ಹೆಚ್ಚು ರೋಗಿಗಳು 15ರಿಂದ 19 ವರ್ಷದವರು! ಲಿಟಲ್ ಲೀಗ್ 2007ರಿಂದ ಎಸೆತಗಳನ್ನೇ ಎಣಿಸುವ ನಿಯಮ ತಂದಿದೆ. 9-10 ವರ್ಷದ ಮಗು ದಿನಕ್ಕೆ 75 ಎಸೆತ ದಾಟುವಂತಿಲ್ಲ. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ವರ್ಷದಲ್ಲಿ ನಾಲ್ಕು ತಿಂಗಳಾದರೂ ಎಸೆಯುವುದನ್ನೇ ಬಿಡಿಸಬೇಕೆಂದು ವೃತ್ತಿಪರ ಬೇಸ್‌ಬಾಲ್‌ನವರೇ 2014ರಿಂದ ಸಲಹೆ ನೀಡುತ್ತಿದ್ದಾರೆ. ಆದರೆ ಶನಿವಾರ ಒಂದು ತಂಡ, ಭಾನುವಾರ ಇನ್ನೊಂದು ತಂಡ, ಚಳಿಗಾಲದಲ್ಲಿ ಮಾಳಿಗೆಯ ಕೆಳಗಿನ ಅಭ್ಯಾಸ ಎಂದು ವರ್ಷವಿಡೀ ತಿರುಗುವ ಹುಡುಗನ ಎಸೆತಗಳನ್ನು ಒಟ್ಟುಗೂಡಿಸಿ ಎಣಿಸುವವರು ಯಾರು?

ಮೂರನೆಯದು, ನಮ್ಮ ಹಣ ನಮ್ಮ ಮಗು, ಊರಿಗೇನು ನಷ್ಟ ಎಂಬುದು. ಇದೇ ಎಲ್ಲಕ್ಕಿಂತ ತಪ್ಪಾದ ಮಾತು. ಹನ್ನೆರಡು ಮಕ್ಕಳ ತಂಡದಿಂದ ನಾಲ್ವರು ಹೋದರೆ ಉಳಿದ ಎಂಟು ಮಂದಿಯಿಂದ ತಂಡವಾಗದು. ಹೋದ ಮಕ್ಕಳ ತಂದೆಯರೇ ಕೋಚ್‌ಗಳಾಗಿದ್ದರು, ತಾಯಂದಿರೇ ಸುಣ್ಣ ಹಾಕುತ್ತಿದ್ದರು, ಅವರೂ ಹೋದರು. ಆಸ್ಪೆನ್ ಇನ್‌ಸ್ಟಿಟ್ಯೂಟ್ ನಡೆಸಿದ ಸಮೀಕ್ಷೆಯ ಪ್ರಕಾರ, 2024ರಲ್ಲಿ ಮಗುವೊಂದರ ಮುಖ್ಯ ಆಟಕ್ಕೆ ಅಮೆರಿಕದ ಕುಟುಂಬ ಸರಾಸರಿ 1,016 ಡಾಲರ್ ವೆಚ್ಚ ಮಾಡಿದೆ. 2019ಕ್ಕಿಂತ ಶೇಕಡ 46ರಷ್ಟು ಹೆಚ್ಚು. ಕೊಡಲಾರದವರು ಆಟದಿಂದಲೇ ಹೊರಗೆ. 1947ರಲ್ಲಿ ಜಾಕಿ ರಾಬಿನ್ಸನ್ ವರ್ಣಭೇದದ ಗೋಡೆ ಒಡೆದು ಮೇಲ್ದರ್ಜೆಯ ಬೇಸ್‌ಬಾಲ್‌ಗೆ ಕಾಲಿಟ್ಟದ್ದನ್ನು ಆ ದೇಶ ಪ್ರತಿ ವರ್ಷ ಸ್ಮರಿಸುತ್ತದೆ. ಬಡ ನಗರಭಾಗಗಳ ಮಕ್ಕಳನ್ನು ಆಟಕ್ಕೆ ಮರಳಿಸಲು 1989ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜಾನ್ ಯಂಗ್ ಎಂಬುವರು ಒಂದು ಕಾರ್ಯಕ್ರಮವನ್ನೂ ಕಟ್ಟಿದರು. ಹೀಗಿದ್ದರೂ 2022ರ ಅಂತಿಮ ಸರಣಿಯ ಎರಡು ತಂಡಗಳಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಪ್ಪು ಆಟಗಾರ ಒಬ್ಬನೂ ಇರಲಿಲ್ಲ. 1950ರ ನಂತರ ಹಾಗಾದದ್ದು ಅದೇ ಮೊದಲು. ಇದಕ್ಕೆ ಕಾರಣ ಹಲವು. ಆದರೆ ಹತ್ತನೆಯ ವರ್ಷಕ್ಕೇ ಸಾವಿರಾರು ಡಾಲರ್ ಕೇಳುವ ಬಾಗಿಲು ಅವುಗಳಲ್ಲಿ ಒಂದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹಾಗಾದರೆ ಲಿಟಲ್ ಲೀಗ್ ದೇವಲೋಕವೆ? ಖಂಡಿತ ಅಲ್ಲ. 1955ರಲ್ಲಿ ದಕ್ಷಿಣ ಕೆರೊಲಿನದ ಚಾರ್ಲ್ಸ್‌ಟನ್ ನಗರದ ಕ್ಯಾನನ್ ಸ್ಟ್ರೀಟ್ ವೈಎಂಸಿಎಯ ಕಪ್ಪು ಮಕ್ಕಳ ತಂಡದೊಡನೆ ಆಡಲು ಬಿಳಿಯರ ಸಂಘಗಳು ಒಪ್ಪದೆ ಹಿಂದೆಗೆದವು. ಎದುರಾಳಿಯಿಲ್ಲದೆ ಗೆದ್ದವರು ಮುಂದಿನ ಹಂತಕ್ಕೆ ಅರ್ಹರಲ್ಲವೆಂಬ ನಿಯಮವನ್ನು ಹಿಡಿದು, ಆ ಮಕ್ಕಳನ್ನು ವಿಲಿಯಮ್ಸ್‌ಪೋರ್ಟಿಗೆ ಪ್ರೇಕ್ಷಕರಾಗಿ ಕರೆಸಿ ಕೂರಿಸಿದರು. ಅವರನ್ನು ಆಡಗೊಡಿ ಎಂದು ನೆರೆದ ಜನ ಕೂಗಿದರೂ ಆಡಿಸಲಿಲ್ಲ. ರಾಜ್ಯ ಪ್ರಶಸ್ತಿಯ ಪತಾಕೆಯನ್ನು ಅವರಿಗೆ ಕೊಟ್ಟದ್ದು 2002ರಲ್ಲಿ, ಅವರು ಅಜ್ಜಂದಿರಾಗುವ ವಯಸ್ಸಿನಲ್ಲಿ! 1972ರಲ್ಲಿ ನಾನಿದ್ದ ನ್ಯೂಜೆರ್ಸಿಯದೇ ಹೊಬೋಕನ್ ಊರಿನಲ್ಲಿ ಮರಿಯ ಪೇಪೆ ಎಂಬ ಬಾಲಕಿ ಮೂರು ಪಂದ್ಯ ಆಡಿದೊಡನೆ, ಹೆಣ್ಣೆಂಬ ಕಾರಣಕ್ಕೆ ಅವಳನ್ನು ತೆಗೆಸಿದರು. ವ್ಯಾಜ್ಯ ನಡೆದು 1974ರಲ್ಲಿ ಬಾಲಕಿಯರಿಗೆ ಬಾಗಿಲು ತೆರೆಯಿತು. 2001ರಲ್ಲಿ ಬ್ರಾಂಕ್ಸ್ ತಂಡದ ಹಿರಿಯರು ಹದಿನಾಲ್ಕು ವರ್ಷದವನನ್ನು ಹನ್ನೆರಡರವನೆಂದು ಆಡಿಸಿದರು. 2014ರಲ್ಲಿ ದೇಶದ ಪ್ರಶಸ್ತಿ ಗೆದ್ದ ಷಿಕಾಗೋದ ಕಪ್ಪು ಮಕ್ಕಳ ತಂಡ, ಹಿರಿಯರು ಎಲ್ಲೆಯ ನಕ್ಷೆಯನ್ನು ತಿದ್ದಿದ ತಪ್ಪಿಗಾಗಿ 2015ರಲ್ಲಿ ಅದನ್ನು ಕಳೆದುಕೊಂಡಿತು. ಅಷ್ಟೇಕೆ, ಸಂಸ್ಥೆ ತೀರ ದೊಡ್ಡದಾಗಿ ವ್ಯಾಪಾರದತ್ತ ವಾಲುತ್ತಿದೆಯೆಂದು ಜಗಳವಾಡಿ, ಸ್ಥಾಪಕ ಸ್ಟಾಟ್ಸ್ ಅವರೇ 1955ರ ಹೊತ್ತಿಗೆ ಅದರಿಂದ ಹೊರಬಿದ್ದರು. ಈ ಎಲ್ಲ ಪ್ರಕರಣಗಳಲ್ಲಿ ತಪ್ಪು ದೊಡ್ಡವರದು, ಶಿಕ್ಷೆ ಮಕ್ಕಳಿಗೆ. ಆದರೂ ಒಂದು ವ್ಯತ್ಯಾಸವಿದೆ. ಊರಿನ ಸಂಘ ತಪ್ಪು ಮಾಡಿದಾಗ, ಇದು ನಮ್ಮೆಲ್ಲರದೆಂದು ಹೇಳಿ ನ್ಯಾಯ ಕೇಳಲು ಒಂದು ನಿಯಮಪುಸ್ತಕವಿತ್ತು, ಒಂದು ನ್ಯಾಯಾಲಯವಿತ್ತು. ಹಣ ಕೊಟ್ಟು ಕೊಂಡ ಬೆಂಚಿನ ಮೇಲೆ ಕುಳಿತ ಮಗು ಯಾರ ಬಳಿ ಕೇಳಬೇಕು?

ಇದು ದೂರದ ಅಮೆರಿಕದ ಮಾತೆಂದು ಓದುಗರು ನಿಟ್ಟುಸಿರು ಬಿಡಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ ಬೆಂಗಳೂರು ಮೈಸೂರುಗಳ ಬೀದಿಗಳಲ್ಲಿ ಕ್ರಿಕೆಟ್ ಶಿಬಿರಗಳ ಫಲಕಗಳನ್ನು ನೋಡಿ. ಶಾಲೆಗೆ ಆಟದ ಮೈದಾನವಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯೇ ಹೇಳುತ್ತದೆ. ನಾಲ್ಕಂತಸ್ತಿನ ಕಟ್ಟಡದ ಮುಂದೆ ವಾಹನ ನಿಲ್ಲಿಸಲಿಕ್ಕಷ್ಟೇ ಜಾಗವಿರುವ ಶಾಲೆಗಳಲ್ಲಿ ನಮ್ಮ ಮೊಮ್ಮಕ್ಕಳು ಓದುತ್ತಿದ್ದಾರೆ. ಮೈದಾನವಿರುವ ಸರಕಾರಿ ಶಾಲೆಗಳಲ್ಲಿ ನನ್ನಂಥ ಮೇಷ್ಟರು ಒಂಬತ್ತು ಮಂದಿಯನ್ನು ಆಡಿಸಿ ಮೂವರಿಂದ ನೀರು ಹೊರಿಸುತ್ತಾರೆ. ಆದ್ದರಿಂದ ನಮ್ಮ ಶಿಕ್ಷಣ ಇಲಾಖೆಯವರನ್ನೂ ದೈಹಿಕ ಶಿಕ್ಷಕ ಬಂಧುಗಳನ್ನೂ ಕೇಳಿಕೊಳ್ಳುವುದು ಇಷ್ಟೆ: ಹದಿನಾಲ್ಕು ವರ್ಷದೊಳಗಿನವರ ಹೋಬಳಿ ಮತ್ತು ತಾಲ್ಲೂಕು ಕ್ರೀಡಾಕೂಟಗಳಲ್ಲಿ, ಖೋಖೋ ಇರಲಿ, ಕಬಡ್ಡಿ ಇರಲಿ, ವಾಲಿಬಾಲ್ ಇರಲಿ, ಪಟ್ಟಿಯಲ್ಲಿರುವ ಪ್ರತಿ ಮಗುವೂ ಒಂದು ಸರದಿಯಾದರೂ ಅಂಕಣಕ್ಕಿಳಿಯಲೇಬೇಕೆಂಬ ನಿಯಮ ಬರಲಿ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ, ಒಂದು ಸುತ್ತೋಲೆ ಸಾಕು. ಶೀಲ್ಡು ಯಾರಿಗೋ ಹೇಗೂ ಹೋಗುತ್ತದೆ.

ನಿಮ್ಮ ಮೊಮ್ಮಗ ಚೆನ್ನಾಗಿ ಆಡುವವನಾಗಿದ್ದರೆ ಇದನ್ನು ಬರೆಯುತ್ತಿದ್ದಿರೇನು ಎಂದು ಯಾರಾದರೂ ಕೇಳಬಹುದು. ಬಹುಶಃ ಬರೆಯುತ್ತಿರಲಿಲ್ಲ. 1989ರಲ್ಲೇ ಬರೆಯಬೇಕಾಗಿದ್ದದ್ದನ್ನು, ನನ್ನ ಮನೆಯ ಮಗು ಬೆಂಚಿನ ಮೇಲೆ ಕುಳಿತ ಮೇಲೆ ಬರೆಯುತ್ತಿದ್ದೇನೆ. ಆ ನಾಚಿಕೆ ನನಗಿರಲಿ. ಅದರಿಂದ ಮಾತು ಸುಳ್ಳಾಗುವುದಿಲ್ಲ.

ಸೆಪ್ಟೆಂಬರಿನಲ್ಲಿ ನಾವು ಊರಿಗೆ ಮರಳುವ ಮುನ್ನವೇ, ಆಯ್ಕೆಯ ಪರೀಕ್ಷೆಯೊಂದು ನಡೆದು ಮೊಮ್ಮಗನಿಗೆ ಟ್ರಾವೆಲ್ ಟೀಮಿನಲ್ಲಿ ಜಾಗ ಸಿಕ್ಕಿತ್ತು. ಹಣ ಪೂರ್ತಿ. 2025ರ ವಸಂತದಲ್ಲಿ ಊರಿನ ಸಂಘಕ್ಕೆ ಅವನ ವಯಸ್ಸಿನ ತಂಡಗಳನ್ನು ಕಟ್ಟುವಷ್ಟು ಮಕ್ಕಳು ಸಿಗದೆ, ಪಕ್ಕದ ಊರಿನ ಸಂಘದೊಡನೆ ಸೇರಿಸಿದರಂತೆ. ಆ ಮೇ ತಿಂಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ನಾನು ಫೋನು ಮಾಡಿದಾಗ ಅಲ್ಲಿ ಶನಿವಾರ ರಾತ್ರಿ. ಮೂರು ಗಂಟೆ ಕಾರಿನಲ್ಲಿ ಹೋಗಿ ಯಾವುದೋ ಹೋಟೆಲಿನಲ್ಲಿ ಉಳಿದಿದ್ದರು.

“ಇವತ್ತು ಆಡಿದೆಯೇನಪ್ಪ?” ಎಂದೆ.

“ಇಲ್ಲ ತಾತ. ಕೋಚ್ ನನಗೆ ಸ್ಕೋರ್ ಬುಕ್ ಕೊಟ್ಟಿದ್ದಾರೆ. ಎಲ್ಲರದ್ದೂ ನಾನೇ ಬರೀತೀನಿ” ಎಂದ.

ಚೆನ್ನಾಗಿ ಬರಿ ಎಂದೆ. ಬೇರೇನು ಹೇಳುವುದಕ್ಕೂ ತೋಚಲಿಲ್ಲ. ಎಲ್ಲರ ಲೆಕ್ಕವನ್ನೂ ಅವನೇ ಬರೆಯುತ್ತಿದ್ದಾನೆ. ಆ ಪುಸ್ತಕದಲ್ಲಿ ಅವನ ಹೆಸರಿನ ಮುಂದಿನ ಸಾಲು ಖಾಲಿ.